ತುಂಬು ತೋಳಿನ ಅಂಗಿ

ನನ್ನ ಸೋದರಮಾವನ ಗಡ್ಡ ಮೇಕೆ ಮೇಯ್ದು ಬಿಟ್ಟ ಬೇಲಿಯ ಹಾಗೆ ಇರುತ್ತಿತ್ತು. ಎಡಗೆನ್ನೆಯ ಮೇಲೆ ಗಿಡ್ಡ, ಬಲಗೆನ್ನೆಯ ಮೇಲೆ ಉದ್ದ, ಗದ್ದದ ಕೆಳಗೆ ಯಾರೂ ಮುಟ್ಟದ ಒಂದು ಪೊದೆ. ಅದನ್ನು ಕತ್ತರಿಸುತ್ತಿದ್ದವಳು ನನ್ನ ಅವ್ವ. ಭಾನುವಾರ ಬೆಳಿಗ್ಗೆ ಹಿತ್ತಲ ಬಾಗಿಲಲ್ಲಿ ಅವನನ್ನು ಕೂರಿಸಿಕೊಂಡು, ಬಟ್ಟೆ ಕತ್ತರಿಸುವ ಕತ್ತರಿಯಿಂದಲೇ ಕೆಲಸ ಮುಗಿಸುತ್ತಿದ್ದಳು. ಕ್ಷೌರದಂಗಡಿಯವನು ಮಾವನ ತಲೆಗೂದಲಿಗೆ ಮಾತ್ರ ಕೈ ಹಾಕುತ್ತಿದ್ದ. ಗಡ್ಡ ಅಂದರೆ ದೂರದಿಂದಲೇ ಕೈ ಮುಗಿಯುತ್ತಿದ್ದ. "ಬ್ಲೇಡ್ ಮುಟ್ಟಸಂಗಿಲ್ರಿ ಸರ, ಹೋದ ಸಲದ್ದು ಇನ್ನಾ ನನ್ನ ಕಣ್ಣಾಗ ಐತಿ" ಅನ್ನುತ್ತಿದ್ದ. ಹೋದ ಸಲ ಅಂದರೆ ಎಷ್ಟೋ ವರ್ಷಗಳ ಹಿಂದಿನ ಮಾತು. ಗದ್ದಕ್ಕೆ ಒಂದು ಸಣ್ಣ ಗೀರು ಬಿದ್ದಿತ್ತು ಅಷ್ಟೆ. ಮಾವ ಟವೆಲ್ ಒತ್ತಿಕೊಂಡು ಅಂಗಡಿಯಿಂದ ಮನೆಗೆ, ಮನೆಯಿಂದ ಆಸ್ಪತ್ರೆಗೆ ಹೋದ. ರಕ್ತ ನಿಂತದ್ದು ಮರುದಿನ ಸಂಜೆ.

ಮಾವನಿಗೆ ಹಿಮೋಫಿಲಿಯಾ ಇತ್ತು. ರಕ್ತ ಹೆಪ್ಪುಗಟ್ಟಲು ಬೇಕಾದ ಒಂದು ಅಂಶ, ನಾವೆಲ್ಲ ಫ್ಯಾಕ್ಟರ್ ಎಂದು ಕರೆಯುವುದು, ಅವನ ಮೈಯಲ್ಲಿ ತಯಾರಾಗುತ್ತಿರಲಿಲ್ಲ. ನನ್ನ ಮೈಯಲ್ಲೂ ಆಗುವುದಿಲ್ಲ. ಇದು ಹೆಣ್ಣುಮಕ್ಕಳ ಮೂಲಕ ಸಾಗಿ ಬಂದು ಗಂಡುಮಕ್ಕಳನ್ನು ಹಿಡಿಯುವ ರೋಗ. ಅಜ್ಜಿಯಿಂದ ಮಾವನಿಗೆ ಬಂತು, ಅಜ್ಜಿಯಿಂದಲೇ ಅವ್ವನೊಳಗೆ ಸೇರಿ ಅವ್ವನಿಂದ ನನಗೆ ಬಂತು. ಡಾಕ್ಟರು ಇದನ್ನು ಚಿತ್ರ ಬರೆದು ವಿವರಿಸಿದ ದಿನ ಅವ್ವ ಮನೆಗೆ ಬಂದು ಒಲೆ ಹಚ್ಚಲಿಲ್ಲ. "ನಮ್ಮ ಹೊಟ್ಟಿಲಿಂದ ಬಂದದ್ದು" ಎಂಬ ಮಾತು ಅವತ್ತು ಅವಳ ಬಾಯಿಗೆ ಹತ್ತಿತು. ಆಮೇಲೆ ನಮ್ಮಿಬ್ಬರಲ್ಲಿ ಯಾರಿಗೆ ಮೊಣಕಾಲು ಬಾತುಕೊಂಡರೂ ಅವಳು ಮೊದಲು ಆಡುತ್ತಿದ್ದದ್ದು ಅದೇ ಮಾತು.

ಮಾವ ಕೊಟ್ಟೂರು ಬಸ್ ನಿಲ್ದಾಣದಲ್ಲಿ ಕಂಟ್ರೋಲರ್ ರೂಮಿನಲ್ಲಿ ಕೂರುತ್ತಿದ್ದ. ಸಣ್ಣಂದಿನಲ್ಲಿ ಕೀಲಿನೊಳಗೆ ರಕ್ತ ಸುರಿದೂ ಸುರಿದೂ ಎಡ ಮೊಣಕಾಲು ಮಡಚಿದಂತೆಯೇ ಬಿಗಿದುಹೋಗಿತ್ತು. ಆ ಕಾಲನ್ನು ಒಂದು ತಗಡಿನ ಡಬ್ಬದ ಮೇಲೆ ಇಟ್ಟುಕೊಂಡು ಮೈಕು ಹಿಡಿಯುತ್ತಿದ್ದ. ಮೊದಲು ಪುಸ್ತಕದ ಕನ್ನಡ ಬರುತ್ತಿತ್ತು: "ಪ್ರಯಾಣಿಕರ ಗಮನಕ್ಕೆ, ಹರಪನಹಳ್ಳಿ ಮಾರ್ಗವಾಗಿ ದಾವಣಗೆರೆಗೆ ಹೋಗುವ ಬಸ್ಸು..." ಅದು ಮುಗಿಯುವ ಮೊದಲೇ ಅವನ ಸ್ವಂತದ್ದು ಶುರುವಾಗುತ್ತಿತ್ತು: "ಯಜಮಾನ್ರ, ಕಿಟಕ್ಯಾಗ ಟವೆಲ್ ಒಗಿಬ್ಯಾಡ್ರಿ, ಕುಂದ್ರಾಕ ಜಾಗ ಐತಿ. ಯಮ್ಮಾ, ಕೂಸಿನ್ನ ಮೊದಲು ಹತ್ತಿಸು, ಬುಟ್ಟಿ ಆಮ್ಯಾಲೆ." ಮೇಲಿನವರು ಎಷ್ಟೋ ಸಲ ಎಚ್ಚರಿಸಿದರು. ಜನ ನಗುತ್ತಿದ್ದರಿಂದ ಮಾವ ಬಿಡಲಿಲ್ಲ. ನನಗೆ ಹೇಳುತ್ತಿದ್ದ: "ಅಳಿಯಾ, ನಾವು ಗಾಜಿನ ಸಾಮಾನು ಇದ್ದಂಗ. ಮ್ಯಾಲೆ ಹಂಗಂತ ಬರದಿಲ್ಲ ಅಷ್ಟ. ಅದಕ್ಕ ಕುಂತು ಮಾಡೋ ಕೆಲಸ ನೋಡ್ಕೋ." ಅವನ ಮಾತು ಕೇಳಿಯೇ ನಾನು ಹಗರಿಬೊಮ್ಮನಹಳ್ಳಿಯ ಗ್ರಂಥಾಲಯದಲ್ಲಿ ಕೆಲಸಕ್ಕೆ ಸೇರಿದೆ.

ನಮ್ಮಿಬ್ಬರ ಫ್ಯಾಕ್ಟರ್, ಅಂದರೆ ಹೊರಗಿನಿಂದ ಚುಚ್ಚಿಕೊಳ್ಳುವ ಮದ್ದು, ದಾವಣಗೆರೆಯ ಆಸ್ಪತ್ರೆಯಿಂದ ನೀಲಿ ಬಣ್ಣದ ಐಸ್ ಡಬ್ಬಿಯಲ್ಲಿ ಬಸ್ಸೇರಿ ಬರುತ್ತಿತ್ತು. ಕಂಡಕ್ಟರ್ ತನ್ನ ಸೀಟಿನ ಕೆಳಗೆ ಇಟ್ಟುಕೊಂಡು, ಕೊಟ್ಟೂರಿನಲ್ಲಿ ಇಳಿದ ಕೂಡಲೇ ಮಾವನ ಮೇಜಿನ ಮೇಲೆ ಇಡುತ್ತಿದ್ದ. ಆ ದಾರಿಯ ಕಂಡಕ್ಟರುಗಳಿಗೆಲ್ಲ ಆ ಡಬ್ಬಿ ಗೊತ್ತು. ಬಿಸಿಲಿಗೆ ಇಡಬಾರದು, ಅದರ ಮೇಲೆ ಕಾಳಿನ ಚೀಲ ಒಟ್ಟಬಾರದು ಎಂದು ಹಳಬರು ಹೊಸಬರಿಗೆ ಹೇಳಿಕೊಡುತ್ತಿದ್ದರು. ಹೂವಿನಹಡಗಲಿಯ ಕಡೆಯವರು, ಕೋಗಳಿಯವರು, ಕೂಡ್ಲಿಗಿಯವರು, ಎಲ್ಲರೂ "ಸರ್ ಮದ್ದು" ಎನ್ನುತ್ತಿದ್ದರು. ಈ ಪ್ರೀತಿಯೇ ಒಂದು ದಿನ ನಮಗೆ ತಿರುಗಿ ಬೀಳುತ್ತದೆ ಎಂದು ಯಾರಿಗೆ ಗೊತ್ತಿತ್ತು?

ಮಾವ ಮದುವೆಯಾಗಲಿಲ್ಲ. ನಮ್ಮಲ್ಲಿ ಅಕ್ಕನ ಮಗಳನ್ನು ತಮ್ಮನಿಗೆ ಕೊಡುವುದು ವಾಡಿಕೆ. ನನ್ನ ಅಕ್ಕ ಹುಟ್ಟಿದಾಗಲೇ ಅವಳು ಮಾವನಿಗೆ ಎಂದು ಮಾತಾಗಿತ್ತಂತೆ. ಅಪ್ಪ ತೀರಿಕೊಂಡ ಮೇಲಂತೂ ಅವ್ವನಿಗೆ ಅದೊಂದೇ ಆಸೆ. ಮಾವ ಯಾವುದೋ ಡಾಕ್ಟರನ್ನು ಕೇಳಿಕೊಂಡು ಬಂದಿದ್ದ. ಅವನಿಗೆ ರೋಗ ಇದೆ, ಅಕ್ಕ ಅವ್ವನ ಹಾಗೆ ಅದನ್ನು ಒಳಗೆ ಹೊತ್ತಿರಬಹುದು, ಹಾಗಿದ್ದರೆ ಹುಟ್ಟುವ ಹೆಣ್ಣುಮಗುವಿಗೂ ಈ ರೋಗ ಬರಬಹುದು. ಹಿರಿಯರೆಲ್ಲ ಕೂತಿದ್ದ ಪಡಸಾಲೆಯಲ್ಲಿ ನಿಂತು, "ಯಕ್ಕಾ, ನಾ ಒಲ್ಲೆ" ಎಂದುಬಿಟ್ಟ. ಕಾರಣ ಹೇಳಿದರೂ ಅವ್ವನ ಕಿವಿಗೆ ಬಿದ್ದದ್ದು ಆ ಒಂದೇ ಮಾತು. ಅವಳು ಎಷ್ಟೋ ತಿಂಗಳು ತಮ್ಮನ ಹತ್ತಿರ ಮಾತು ಬಿಟ್ಟಳು. ಒಂದೇ ಮನೆ, ಒಂದೇ ಒಲೆ, ತಾಟು ನೆಲಕ್ಕೆ ಕುಕ್ಕಿ ಹೋಗುತ್ತಿದ್ದಳು. ಅಕ್ಕನ ಮದುವೆ ಹರಪನಹಳ್ಳಿಯ ಹುಡುಗನ ಜೊತೆ ನಡೆದ ಮೇಲೆ, ಒಂದು ಮಧ್ಯಾಹ್ನ ಬುತ್ತಿ ಕಟ್ಟಿಕೊಂಡು ತಾನೇ ಬಸ್ ನಿಲ್ದಾಣಕ್ಕೆ ಹೋಗಿ ಮಾವನ ಮುಂದೆ ಬಿಚ್ಚಿದಳು. ಮಾವ ಊಟ ಮುಗಿಯುವವರೆಗೂ ತಲೆ ಎತ್ತಲಿಲ್ಲವಂತೆ. ಅವತ್ತಿನಿಂದ ಅವ್ವನ ಕೈಯಿಂದ ಬಂದದ್ದು ಏನೇ ಇರಲಿ, ಬೇಡ ಎಂದವನಲ್ಲ. ಜ್ವರದಲ್ಲೂ ಅವಳು ಕೊಟ್ಟ ಮೂರನೆಯ ರೊಟ್ಟಿ ತಿನ್ನುತ್ತಿದ್ದ. ಈ ಒಂದು ಗುಣ ತಿಳಿಯದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ.

ಕೆಲವು ವರ್ಷಗಳ ಹಿಂದೆ ದೂರದ ಒಂದು ದೊಡ್ಡ ಆಸ್ಪತ್ರೆಯಿಂದ ನಮ್ಮಿಬ್ಬರಿಗೂ ಕರೆ ಬಂತು. ಹೊಸ ಚಿಕಿತ್ಸೆಯೊಂದನ್ನು ಪರೀಕ್ಷೆಯಾಗಿ ಕೆಲವರಿಗೆ ಕೊಡುತ್ತಿದ್ದರು. ಅಲ್ಲಿದ್ದ ಡಾಕ್ಟರಮ್ಮ ಕನ್ನಡದವರು, ಬೆಂಗಳೂರು ಕಡೆಯ ಮಾತು. ಬಿಡಿಸಿ ಹೇಳಿದರು: "ಒಂದು ವೈರಸ್ ಇದೆ, ಅದರಿಂದ ರೋಗ ಬರಲ್ಲ. ಅದರ ಒಳಗಿರೋದನ್ನೆಲ್ಲ ತೆಗೆದು, ಫ್ಯಾಕ್ಟರ್ ತಯಾರು ಮಾಡೋ ಜೀನ್ ತುಂಬಿರ್ತೀವಿ. ಹೊರಗಿನ ಕವಚ ಮಾತ್ರ ವೈರಸ್‌ದೇ. ರಕ್ತಕ್ಕೆ ಬಿಟ್ಟರೆ ಅದು ಹೋಗಿ ಲಿವರ್ ಸೇರುತ್ತೆ. ಆಮೇಲೆ ನಿಮ್ಮ ಲಿವರ್ರೇ ಫ್ಯಾಕ್ಟರ್ ತಯಾರು ಮಾಡುತ್ತೆ."

"ಅಂದ್ರ ಬಸ್ಸಿನ ಬಾಡಿ ಹಳೇದು, ಒಳಗ ಕುಂತ ಪ್ಯಾಸೆಂಜರ್ ಹೊಸಬ್ರು" ಎಂದ ಮಾವ.

ಡಾಕ್ಟರಮ್ಮ ನಕ್ಕರು. ಆಮೇಲೆ ನಗು ನಿಲ್ಲಿಸಿ ಹೇಳಿದರು: "ತೊಂದರೆ ಇರೋದು ಆ ಬಾಡಿದೇ. ಇಂಥ ವೈರಸ್ ಊರಲ್ಲೆಲ್ಲ ಓಡಾಡ್ತಿರುತ್ತೆ. ಚಿಕ್ಕವರಿದ್ದಾಗ ನಮಗೆ ಗೊತ್ತಿಲ್ಲದೇ ಬಂದು ಹೋಗಿರುತ್ತೆ. ಒಮ್ಮೆ ಬಂದಿದ್ರೆ ದೇಹ ಗುರುತು ಇಟ್ಟುಕೊಂಡಿರುತ್ತೆ. ಅಂಥವರಿಗೆ ನಾವು ಕೊಟ್ಟರೂ ಲಿವರ್ ಸೇರೋ ಮೊದಲೇ ಹೊಡೆದು ಹಾಕುತ್ತೆ. ಅದಕ್ಕೇ ಮೊದಲು ರಕ್ತ ನೋಡ್ತೀವಿ."

ನೋಡಿದರು. ನನ್ನ ರಕ್ತದಲ್ಲಿ ಆ ಗುರುತು ಇತ್ತು, ಮಾವನದರಲ್ಲಿ ಇರಲಿಲ್ಲ. ನಾನು ಆಸ್ಪತ್ರೆಯ ಹೊರಗಿನ ಕಟ್ಟೆಯ ಮೇಲೆ ಹೋಗಿ ಕೂತೆ. ಯಾವತ್ತೋ ಬಂದು ಹೋದ, ಒಂದು ಸೀನನ್ನೂ ತರದ ಒಂದು ಹುಳು ನನ್ನ ಬಾಗಿಲು ಹಾಕಿ ಹೋಗಿತ್ತು. ಹೊಟ್ಟೆ ಉರಿಯಿತು, ಇಲ್ಲ ಎನ್ನುವುದಿಲ್ಲ. ಮಾವ ಚಹಾ ತಂದು ಕೊಟ್ಟು ಪಕ್ಕದಲ್ಲಿ ಕೂತ. "ನಿನ್ನ ರಕ್ತಕ್ಕ ನೆನಪು ಭಾಳ, ಅಳಿಯಾ. ಲೈಬ್ರರಿ ಕೆಲಸ ಅಲ್ಲೇನು" ಎಂದ. ಆಮೇಲೆ ಮೆಲ್ಲಗೆ, "ನಾ ಮೊದಲು ಹೋಗಿ ನೋಡ್ತೀನಿ. ನಂದು ಚಲೋ ಆತಂದ್ರ ನಿನಗೂ ಏನಾರ ಒಂದು ದಾರಿ ಹುಡುಕ್ತಾರ" ಎಂದ. ಅವನು ಹೋದದ್ದು ತನಗಾಗಿ ಎಷ್ಟೋ, ನನಗಾಗಿಯೂ ಅಷ್ಟೇ. ಇದನ್ನು ನಾನು ಈಗ ಹೇಳುತ್ತಿಲ್ಲ, ಆ ಕಟ್ಟೆಯ ಮೇಲೆಯೇ ನನಗೆ ಗೊತ್ತಾಗಿತ್ತು.

ಮದ್ದು ಹಾಕುವ ಮೊದಲು ಡಾಕ್ಟರಮ್ಮ ಎರಡು ಮಾತು ಒತ್ತಿ ಹೇಳಿದರು. ಒಂದು, ಇದು ಒಮ್ಮೆ ಮಾತ್ರ. ಒಮ್ಮೆ ಒಳಗೆ ಹೋದ ಮೇಲೆ ದೇಹಕ್ಕೆ ಗುರುತು ಸಿಕ್ಕೇ ಸಿಗುತ್ತದೆ, ಎರಡನೆಯ ಸಲ ಕೊಡಲು ಬರುವುದಿಲ್ಲ. ಇನ್ನೊಂದು, ಮುಂದಿನ ತಿಂಗಳುಗಳಲ್ಲಿ ದೇಹ ಎಚ್ಚೆತ್ತು, ಆ ಕವಚ ಹೊಕ್ಕ ಲಿವರಿನ ಜೀವಕೋಶಗಳನ್ನೇ ಹೊಡೆಯಲು ಶುರು ಮಾಡಬಹುದು. ಫ್ಯಾಕ್ಟರ್ ತಯಾರಾಗುವುದು ಅಲ್ಲೇ ಆದ್ದರಿಂದ ಅವು ಸತ್ತರೆ ಎಲ್ಲ ಹೋದಂತೆ. "ಲಿವರ್‌ಗೆ ಪೆಟ್ಟು ಬಿದ್ರೆ ರಕ್ತದಲ್ಲಿ ಲಿವರ್ ನಂಬರ್ ಏರುತ್ತೆ. ಏರ್ತಿದ್ದ ಹಾಗೇ ಸ್ಟಿರಾಯ್ಡ್ ಮಾತ್ರೆ ಕೊಟ್ಟು ದೇಹದ ಸಿಟ್ಟು ತಣ್ಣಗೆ ಮಾಡ್ತೀವಿ. ವಾರ ವಾರ ರಕ್ತ ಕೊಡಬೇಕು. ನಾಟಿ ಔಷಧಿ, ಎಲೆ, ಬೇರು, ಕಷಾಯ, ಯಾವುದೂ ಬೇಡ. ಯಾರು ಕೊಟ್ಟರೂ ಬೇಡ."

ಮಾವ ತಲೆಯಾಡಿಸಿದ. "ಚೆಕಿಂಗ್ ಸ್ಕ್ವಾಡ್ ಬಂದು ಹೋಗೋತನಕ ಸುಮ್ನ ಕುಂತಿರಬೇಕು, ಅಷ್ಟ ಅಲ್ರಿ?"

ಒಂದು ಬಾಟಲಿ, ನೀರಿನಂತಿತ್ತು. ಕೈನರದೊಳಗೆ ಹನಿಹನಿಯಾಗಿ ಇಳಿಯಿತು. ಕೆಲವು ವಾರಗಳಲ್ಲಿ ಅವನ ರಕ್ತದಲ್ಲಿ ಫ್ಯಾಕ್ಟರ್ ಕಾಣಿಸಿತು. ಹುಟ್ಟಿದಾಗಿನಿಂದ ಇಲ್ಲದ್ದು! ಡಾಕ್ಟರಮ್ಮ ಫೋನಿನಲ್ಲಿ ಹೇಳಿದ ಮರುದಿನ ಮಾವ ಎಲ್ಲಿಗೆ ಹೋದ ಗೊತ್ತೇ? ಕ್ಷೌರದಂಗಡಿಗೆ. ಅಂಗಡಿಯವನು ಒಪ್ಪಲಿಲ್ಲ, ಮಾವ ಬಿಡಲಿಲ್ಲ, ಕೊನೆಗೆ ನನ್ನನ್ನು ಸಾಕ್ಷಿಗೆ ನಿಲ್ಲಿಸಿಕೊಂಡು ಬ್ಲೇಡ್ ಇಟ್ಟ. ಕಿವಿಯ ಹತ್ತಿರ ಒಂದು ಕಡೆ ತಾಗಿ ಒಂದು ಹನಿ ಮೂಡಿತು. ಮೂವರೂ ಉಸಿರು ಹಿಡಿದು ನೋಡುತ್ತಿದ್ದೆವು. ಹನಿ ಅಲ್ಲೇ ಕಂದು ಬಣ್ಣಕ್ಕೆ ತಿರುಗಿ ಒಣಗಿತು. ಅಂಗಡಿಯವನು ದೇವರ ಪಟಕ್ಕೆ ಕೈ ಮುಗಿದ. ಮನೆಗೆ ಹೋದಾಗ ಅವ್ವ ತಮ್ಮನ ಎರಡೂ ಕೆನ್ನೆ ಸವರಿ ಸವರಿ ನೋಡಿದಳು. "ನುಣ್ಣಗ ಆಗ್ಯಾನ ನೋಡು, ಮದುಮಗನಂಗ" ಎಂದು ಅತ್ತಳು.

ಆ ಖುಷಿ ಬಹಳ ದಿನ ನಿಲ್ಲಲಿಲ್ಲ. ಲಿವರ್ ನಂಬರ್ ಏರಿತು. ಮಾತ್ರೆ ಶುರುವಾಯಿತು. ಸ್ಟಿರಾಯ್ಡ್ ಮಾವನನ್ನು ಬೇರೆ ಮನುಷ್ಯನನ್ನಾಗಿ ಮಾಡಿತು. ಮುಖ ಊದಿಕೊಂಡಿತು, ನಿದ್ದೆ ಹೋಯಿತು, ಸಕ್ಕರೆ ಕಾಯಿಲೆ ಬಂತು. ಮೈಕಿನಲ್ಲಿ ತಮಾಷೆ ಮಾಡುತ್ತಿದ್ದವನು ಪ್ರಯಾಣಿಕರನ್ನು ಗದರತೊಡಗಿದ. ರಕ್ತದ ಸೀಸೆ ಅದೇ ನೀಲಿ ಡಬ್ಬಿಯಲ್ಲಿ ಈಗ ಉಲ್ಟಾ ದಾವಣಗೆರೆಗೆ ಹೋಗುತ್ತಿತ್ತು. ಫಲಿತಾಂಶ ಬರುವ ದಿನ ನಾನು ಗ್ರಂಥಾಲಯದಲ್ಲಿ ಒಂದು ಪುಟ ಓದಲಾರದೆ ಫೋನ್ ನೋಡುತ್ತ ಕೂರುತ್ತಿದ್ದೆ. ನಂಬರ್ ಇಳಿಯಲೇ ಇಲ್ಲ. ಮಾತ್ರೆ ಹೆಚ್ಚಿಸಿದರು. ಮತ್ತೆ ಏರಿತು.

ಒಂದು ಮಧ್ಯಾಹ್ನ ನಾನು ಕಂಟ್ರೋಲರ್ ರೂಮಿನಲ್ಲಿದ್ದಾಗಲೇ ಡಾಕ್ಟರಮ್ಮನ ಫೋನ್ ಬಂತು. ಮಾವ ಸ್ಪೀಕರಿಗೆ ಹಾಕಿದ. ಅವರ ದನಿ ಬಿಗಿಯಾಗಿತ್ತು: "ನಿಜ ಹೇಳಿ. ಬೇರೆ ಏನಾದ್ರೂ ತಗೊಳ್ತಿದ್ದೀರಾ? ನಿಮ್ಮ ದೇಹ ಆ ಕವಚದ ಮೇಲೆ ಸಿಟ್ಟಾಗಿದೆಯೋ, ಇಲ್ಲ ಲಿವರ್ ಮೇಲೆ ಬೇರೆ ಏನೋ ಬಿದ್ದಿದೆಯೋ ನನಗೆ ಗೊತ್ತಾಗ್ತಿಲ್ಲ. ಮೊದಲನೇದಾದ್ರೆ ಮಾತ್ರೆ ಇನ್ನೂ ಹೆಚ್ಚಿಸಬೇಕು, ಎರಡನೇದಾದ್ರೆ ಆ ಬೇರೆಯದನ್ನ ನಿಲ್ಲಿಸಬೇಕು. ಊಹೆ ಮೇಲೆ ಮಾಡೋ ಹಾಗಿಲ್ಲ. ಕಳೆದ ಒಂದೊಂದು ದಿನವೂ ನಷ್ಟ."

"ಏನೂ ಇಲ್ರಿ ಮೇಡಂ" ಎಂದ ಮಾವ. ಹಾಗೆನ್ನುವಾಗ ಅವನು ಫೋನನ್ನು ನೋಡಲಿಲ್ಲ, ನನ್ನನ್ನೂ ನೋಡಲಿಲ್ಲ, ಖಾಲಿ ನಿಂತಿದ್ದ ಬಸ್ಸೊಂದನ್ನು ನೋಡುತ್ತಿದ್ದ.

ಅದಾಗಿ ಸ್ವಲ್ಪ ಹೊತ್ತಿಗೆ ನಾನು ಹೊರಗೆ ಬಂದೆ. ಕೋಗಳಿಯ ಕಡೆಯ ಒಬ್ಬ ಕಂಡಕ್ಟರ್ ಎದುರಾದ. ಒಳ್ಳೆಯ ಮನುಷ್ಯ, ನಮ್ಮ ಡಬ್ಬಿಯನ್ನು ಮಗುವಿನ ಹಾಗೆ ತಂದವನು. ಟಿಕೆಟ್ ಚೀಲದಿಂದ ಒದ್ದೆ ಬಟ್ಟೆಯ ಸಣ್ಣ ಗಂಟು ತೆಗೆದು ನನ್ನ ಕೈಯಲ್ಲಿಟ್ಟ. "ಅವ್ವಾರಿಗೆ ಕೊಟ್ಟುಬಿಡ್ರಿ. ಎಲಿ ಮುಗ್ದೈತಿ ಅಂದಿದ್ರು. ಇದು ನಮ್ಮೂರ ಕಡಿ ಕಾಮಣಿಗೆ ಕೊಡೋದು. ಎಂಥಾ ಕಾಮಣಿ ಇದ್ರೂ ಇಳೀತತಿ. ಬೆಳಿಗ್ಗೆ ಬರೇ ಹೊಟ್ಟ್ಯಾಗ ಮಜ್ಜಿಗಿ ಒಳಗ ಅರದು ಕೊಡಬೇಕು, ಉಪ್ಪು ಖಾರ ಬಿಡಬೇಕು."

ನಮ್ಮ ಕಡೆ ಲಿವರ್ ಅಂದರೆ ಕಾಮಾಲೆ, ಕಾಮಾಲೆ ಅಂದರೆ ಎಲೆ ಔಷಧಿ. ಹೊಸದೇನಲ್ಲ. ನಂಬರ್ ಏರಿದ ಸುದ್ದಿ ಬಸ್ಸು ಹತ್ತಿ ಊರೂರಿಗೆ ಹೋಗಿತ್ತು, ಊರೂರಿಂದ ಎಲೆ ಬಂದಿತ್ತು. ಉಳಿದವರು ತಂದದ್ದನ್ನೆಲ್ಲ ಮಾವ ಕೈ ಮುಗಿದು ತೆಗೆದುಕೊಂಡು ಮೇಜಿನ ಕೆಳಗಿನ ಕಸದ ಬುಟ್ಟಿಗೆ ಹಾಕಿದ್ದನ್ನು ನಾನೇ ನೋಡಿದ್ದೆ. ಆದರೆ ಇದು ಅವನ ಕೈಗೆ ಬಂದಿರಲಿಲ್ಲ, ಅವ್ವನ ಕೈಗೆ ಹೋಗಿತ್ತು.

ಗಂಟನ್ನು ತಂದು ಮೇಜಿನ ಮೇಲೆ ಕುಕ್ಕಿದೆ. "ಮಾವಾ, ಅವ್ವ ನಿನಗ ಇದನ್ನ ಮಜ್ಜಿಗ್ಯಾಗ ಹಾಕಿ ಕೊಡಾಕ ಹತ್ಯಾಳ."

ಅವನು ಗಂಟನ್ನು ಮುಟ್ಟಲಿಲ್ಲ. "ಗೊತ್ತೈತಿ" ಎಂದ.

"ಯಾವಾಗಿಂದ?"

"ಮೊದಲ್ನೇ ದಿನದಿಂದ. ಮಜ್ಜಿಗಿ ಎಲ್ಲ್ಯಾರ ಹಂಗ ಕಹಿ ಇರ್ತತೇನ್ಲೇ?"

ನಾನು ಕೂಗಾಡಿದೆ. ಹೊರಗೆ ಜನ ತಿರುಗಿ ನೋಡುವಷ್ಟು ಕೂಗಾಡಿದೆ. ಒಂದೇ ಸಲ ಸಿಗುವ ಮದ್ದು, ನನಗೆ ಸಿಗದೇ ಹೋದ ಮದ್ದು, ಅದನ್ನು ಗೊತ್ತಿದ್ದೂ ಗೊತ್ತಿದ್ದೂ ಹಾಳು ಮಾಡಿಕೊಳ್ಳುತ್ತಿದ್ದೀಯಲ್ಲ ಎಂದೆ. ಡಾಕ್ಟರಿಗೆ ಸುಳ್ಳು ಹೇಳಿದೆಯಲ್ಲ ಎಂದೆ. ಊದಿದ ಮುಖದಲ್ಲಿ ಅವನ ಕಣ್ಣು ಸಣ್ಣಗೆ ಕಾಣುತ್ತಿದ್ದವು. ನಾನು ಸುಸ್ತಾಗಿ ನಿಲ್ಲುವವರೆಗೆ ಕಾದ.

"ಒಮ್ಮೆ ಬ್ಯಾಡ ಅಂದಿದ್ದೆ ಅಕ್ಕಗ" ಎಂದ. "ಆಗ ಅಕಿ ಹೆಂಗಾಗಿದ್ಲು ನೀ ನೋಡೀಯಲ್ಲ. ಅಕಿಗೆ ಏನೈತಿ ಅಂದ್ರ, ಈ ರೋಗ ತಮ್ಮ ಹೊಟ್ಟಿಲಿಂದ ಬಂದದ್ದು ಅಂತ. ಈಗ ತನ್ನ ಕೈಯಾರ ತಾನ ವಾಸಿ ಮಾಡಾಕ ಹತ್ತೀನಿ ಅನ್ಕೊಂಡಾಳ. ಆ ಗ್ಲಾಸ್ ಹಿಡ್ಕೊಂಡು ನಿಂತಾಗ ಅಕಿ ಮಾರಿ ನೋಡ್ಬೇಕಿತ್ತು ನೀನು. ಬ್ಯಾಡ ಅನ್ನಾಕ ನನಗ ಬಾಯಿ ಬರ್ಲಿಲ್ಲ."

ಆಮೇಲೆ ಅವನೇ ಫೋನ್ ತೆಗೆದುಕೊಂಡ. "ಮೇಡಂ, ಸುಳ್ಳು ಹೇಳೀನ್ರಿ. ಎಲಿ ಔಷಧಿ ತಗೊಂಡೀನಿ. ನಾನ ತಗೊಂಡೆ, ಯಾರೂ ಕೊಟ್ಟಿಲ್ಲ. ನಂದ ತಪ್ಪು." ಅವರು ಬೈಯಲಿಲ್ಲ. "ಇವತ್ತೇ ಹೊರಡಿ" ಎಂದರು.

ಹೊರಡುವ ಮೊದಲು ಮನೆಗೆ ಹೋದೆವು. ಮಾವ ಅವ್ವನಿಗೆ ಹೇಳಿದ: "ಯಕ್ಕಾ, ನಂಬರ್ ಇಳದೈತಂತ. ಒಮ್ಮೆ ಬಂದು ತೋರಿಸ್ಕೊಂಡು ಹೋಗು ಅಂದಾರ." ಅವ್ವನ ಮುಖ ಅರಳಿತು. ತಾನು ಗೆದ್ದೆ ಎಂಬ ಆ ಮುಖವನ್ನು ನಾನು ನೋಡಲಾರದೆ ಚಪ್ಪಲಿ ಹುಡುಕುವವನ ಹಾಗೆ ಬಗ್ಗಿದೆ.

ಆಸ್ಪತ್ರೆಯಲ್ಲಿ ವಾರಗಟ್ಟಲೆ ಇದ್ದೆವು. ನಂಬರ್ ಇಳಿಯಿತು. ಅದರ ಜೊತೆಗೇ ಫ್ಯಾಕ್ಟರ್ ಕೂಡ ಇಳಿಯಿತು. ಒಂದೊಂದು ಪರೀಕ್ಷೆಗೂ ಒಂದಿಷ್ಟು ಕಡಿಮೆ. ಮಾವ ಹಾಸಿಗೆಯ ಮೇಲೆ ಕೂತು ನರ್ಸು ಬರುವ ಬಾಗಿಲನ್ನೇ ನೋಡುತ್ತಿದ್ದ. ಕೊನೆಗೆ ಉಳಿದದ್ದು ಇದ್ದೂ ಇಲ್ಲದಷ್ಟು. ನಾನು ಡಾಕ್ಟರಮ್ಮನನ್ನು ಒಬ್ಬನೇ ಹೋಗಿ ಕೇಳಿದೆ, ಎಲೆಯಿಂದಲೇ ಹೀಗಾಯಿತೇ ಎಂದು.

"ಹಾಗಂತ ನಾನು ಹೇಳಲಾರೆ" ಎಂದರು. "ಎಲೆ ತಿನ್ನದೇ ಇದ್ದವರಿಗೂ ದೇಹ ಹೀಗೆ ಮಾಡಿದ್ದಿದೆ. ಇವರ ದೇಹವೂ ಖಂಡಿತ ಆ ಕವಚದ ವಿರುದ್ಧ ಎದ್ದಿತ್ತು. ಎಲೆ ನಮ್ಮ ಕಣ್ಣಿಗೆ ಮಣ್ಣೆರಚಿತು, ಅಷ್ಟು ಮಾತ್ರ ಹೇಳಬಲ್ಲೆ. ಆ ದಿನಗಳು ಕೈಯಲ್ಲಿದ್ದಿದ್ರೆ ಏನಾಗ್ತಿತ್ತೋ, ಯಾರಿಗೂ ಗೊತ್ತಿಲ್ಲ."

"ಇನ್ನೊಮ್ಮೆ?"

"ಇನ್ನೊಮ್ಮೆ ಇಲ್ಲ."

ಇದನ್ನೆಲ್ಲ ನಾನು ಹೋಗಿ ಮಾವನಿಗೆ ಹೇಳಿದೆ. ಅವನು ನನ್ನ ಬೆನ್ನಿಗೆ ಒಂದು ಗುದ್ದಿದ. "ಆತು ಬಿಡು. ನನ್ನ ರಕ್ತಕ್ಕೂ ನೆನಪು ಬಂತು. ಇಬ್ಬರೂ ಮತ್ತ ಒಂದ ಬಸ್ಸಿನ್ಯಾಗ." ನಗಲು ಹೋದವನು ಮಧ್ಯದಲ್ಲೇ ನಿಲ್ಲಿಸಿ ಗೋಡೆಯ ಕಡೆ ತಿರುಗಿದ. ಅವನು ಅತ್ತದ್ದನ್ನು ನಾನು ನೋಡಿದ್ದು ಅದೊಂದೇ ಸಲ. ತಿರುಗಿ ಬರುವ ದಾರಿಯಲ್ಲಿ ಒಂದೇ ಮಾತು ಹೇಳಿದ: "ಅಕ್ಕಗ ಗೊತ್ತಾಗಬಾರದು. ಗೊತ್ತಾತಂದ್ರ ಅಕಿ ಉಳಿಯಂಗಿಲ್ಲ."

ಮನೆಯಲ್ಲಿ ಅವ್ವ ಹೋಳಿಗೆ ಮಾಡಿದ್ದಳು. "ಹೊಸ ಮದ್ದು ನಿಂತೈತೇನೋ ತಮ್ಮಾ?" ಎಂದಳು. "ನಿಂತೈತಿ ಯಕ್ಕಾ, ಗಟ್ಟಿ ನಿಂತೈತಿ" ಎಂದು ಮಾವ ಎರಡನೆಯ ಹೋಳಿಗೆಗೆ ಕೈ ಚಾಚಿದ. ನಾನು ಹೂಂ ಎಂದೆ.

ಅಲ್ಲಿಂದ ಶುರುವಾದ ನಾಟಕ ಅವನು ಇರುವವರೆಗೂ ನಡೆಯಿತು. ದಾವಣಗೆರೆಯ ಆಸ್ಪತ್ರೆಯವರಿಗೆ ವಿಷಯ ಗೊತ್ತಿತ್ತು. ಮನೆಯ ಮಟ್ಟಿಗೆ ಮಾತ್ರ ನೀಲಿ ಡಬ್ಬಿ ನನ್ನೊಬ್ಬನದು ಎಂದಾಯಿತು. ಅದರಲ್ಲಿ ಇಬ್ಬರ ಮದ್ದು ಬರುತ್ತಿತ್ತು, ನಮ್ಮ ಫ್ರಿಜ್ಜಿನಲ್ಲೇ ಇರುತ್ತಿತ್ತು. ನಾನು ಕೆಲಸಕ್ಕೆ ಹೊರಡುವಾಗ ಅವನ ಪಾಲಿನದನ್ನು ಊಟದ ಡಬ್ಬಿಯ ಚೀಲದಲ್ಲಿ ಇಟ್ಟುಕೊಂಡು ಬಸ್ ನಿಲ್ದಾಣದಲ್ಲಿ ಇಳಿಸಿ ಹೋಗುತ್ತಿದ್ದೆ. ಕಂಟ್ರೋಲರ್ ರೂಮಿನ ಬಾಗಿಲು ಹಾಕಿಕೊಂಡು, ಮೈಕು ಪಕ್ಕಕ್ಕಿಟ್ಟು, ಅವನು ತಾನೇ ತನ್ನ ಕೈಗೆ ಚುಚ್ಚಿಕೊಳ್ಳುತ್ತಿದ್ದ. ಭಾನುವಾರ ತಪ್ಪದೆ ಚುಚ್ಚಿಕೊಂಡೇ ಕ್ಷೌರದಂಗಡಿಗೆ ಹೋಗುತ್ತಿದ್ದ. ಅವ್ವ ಕೆನ್ನೆ ಸವರಿ ನೋಡಬೇಕಲ್ಲ, ಅದಕ್ಕೆ. ಕೈ ತುಂಬ ಸೂಜಿಯ ಕಲೆ. ಯಾವತ್ತೂ ಅರ್ಧ ತೋಳಿನ ಅಂಗಿ ತೊಟ್ಟವನು ತುಂಬು ತೋಳಿನವನ್ನು ಹೊಲಿಸಿಕೊಂಡ. ನಮ್ಮ ಕಡೆಯ ಬೇಸಿಗೆ ಬಲ್ಲವರಿಗೆ ಅದೆಂಥ ಶಿಕ್ಷೆ ಎಂದು ಹೇಳಬೇಕಾಗಿಲ್ಲ. ಊರವರು ಕೇಳಿದರೆ, "ಈಗ ನಾ ಸಾಹೇಬ ಆಗೀನಿ" ಎನ್ನುತ್ತಿದ್ದ. ಮೈಕಿನಲ್ಲಿ ತಮಾಷೆ ತಿರುಗಿ ಬಂತು. ನನಗೆ ಮಾತ್ರ ಪ್ರತಿ ದಿನವೂ ಭಯ. ಎಲ್ಲಿ ಎಡವುತ್ತಾನೋ, ಎಲ್ಲಿ ಅವ್ವನ ಮುಂದೆಯೇ ಮೊಣಕಾಲು ಬಾತುಕೊಳ್ಳುತ್ತದೋ. ಒಮ್ಮೆ ಬಾತುಕೊಂಡೂ ಬಿಟ್ಟಿತು. ಉಳುಕು ಎಂದು ಹೇಳಿ ಹರಪನಹಳ್ಳಿಗೆ ನನ್ನ ಅಕ್ಕನ ಮನೆಗೆ ಹೊರಟು, ನೋವು ಇಳಿಯುವವರೆಗೆ ಅಲ್ಲೇ ಇದ್ದು ಬಂದ.

ಮಾವ ಹೋದದ್ದು ಹೃದಯದ ತೊಂದರೆಯಿಂದ, ಕುರ್ಚಿಯಲ್ಲಿ ಕೂತಿದ್ದಂತೆಯೇ. ಹೃದಯದ ನಾಳದಲ್ಲಿ ರಕ್ತ ಹೆಪ್ಪುಗಟ್ಟಿದೆ ಎಂದು ಡಾಕ್ಟರು ಹೇಳಿದಾಗ ನನಗೆ ಅಳುವಿನ ಮಧ್ಯೆ ನಗು ಬಂತು. ಈ ಮಾತನ್ನು ಕೇಳಿದ್ದರೆ ಅವನು ವಾರವೆಲ್ಲ ಹೇಳಿಕೊಂಡು ನಗುತ್ತಿದ್ದ. ಮಣ್ಣಿಗೆ ನಾಲ್ಕೂ ದಿಕ್ಕಿನ ಕಂಡಕ್ಟರುಗಳು ಬಂದಿದ್ದರು. ಕೋಗಳಿಯವನು ಎಲ್ಲರಿಗಿಂತ ಹೆಚ್ಚು ಅತ್ತ. ಅವನಿಗೆ ಇವತ್ತಿಗೂ ಏನೂ ಗೊತ್ತಿಲ್ಲ. ಅವ್ವ ಬಂದವರಿಗೆಲ್ಲ, "ರಕ್ತದ ರೋಗ ವಾಸಿ ಆಗಿತ್ರಿ, ಅದರಿಂದ ಹೋಗ್ಲಿಲ್ಲ ನನ್ನ ತಮ್ಮ" ಎಂದು ಹೇಳುತ್ತಿದ್ದಳು. ನಾಟಕ ನಿಂತಿತು, ಅವನು ಗೆದ್ದ ಎಂದುಕೊಂಡೆ.

ಕಾರ್ಯವೆಲ್ಲ ಮುಗಿದ ಮೇಲೆ ಒಂದು ಬೆಳಿಗ್ಗೆ ನೀಲಿ ಡಬ್ಬಿ ಬಂತು. ಕಂಟ್ರೋಲರ್ ರೂಮಿನಲ್ಲಿ ತೆಗೆದುಕೊಳ್ಳುವವರಿಲ್ಲದೆ ಕಂಡಕ್ಟರ್ ಮನೆಗೇ ತಂದುಕೊಟ್ಟಿದ್ದ. ಅವ್ವ ಅದನ್ನು ಎತ್ತಿಕೊಂಡು ಅಡುಗೆಮನೆಗೆ ಹೋದಳು. ನಾನು ಹಿಂದೆಯೇ ಓಡಿದೆ. ಮುಚ್ಚಳದ ಮೇಲೆ ಕೈ ಇಟ್ಟುಕೊಂಡು ನಿಂತಿದ್ದಳು.

"ಇದರಾಗ ಅಂವಂದೂ ಐತೇನೋ?" ಎಂದಳು.

ಅವಳು ನನ್ನ ಉತ್ತರಕ್ಕೆ ಕಾಯಲಿಲ್ಲ. ಮುಚ್ಚಳ ತೆಗೆದು ಸೀಸೆಗಳನ್ನು ಒಂದೊಂದಾಗಿ ಫ್ರಿಜ್ಜಿಗೆ ಇಡತೊಡಗಿದಳು, ನನ್ನ ಕಡೆ ನೋಡದೆ.

"ಸಣ್ಣಂವ ಇದ್ದಾಗಿಂದ ಆ ಕೈಗೆ ಐಸ್ ಹಿಡದಾಕಿ ನಾನು. ತೋಳು ಮುಚ್ಚಿದ್ರ ನನಗ ಗೊತ್ತಾಗಂಗಿಲ್ಲೇನು? ಮಜ್ಜಿಗಿ ಕುಡಿಯೋವಾಗ ಮಾರಿ ಹಿಂಡಿದ್ದನ್ನೂ ನೋಡೀನಿ. ಪಿತ್ತಕ್ಕ ಬಾಯಿ ಕಹಿ ಆಗಿರಬೇಕು ಅನ್ಕೊಂಡೆ ಆಗ. ಅಂಗಿ ಹೊಲಿಸಿದ ಮ್ಯಾಲೆ ತಿಳೀತು, ಮದ್ದು ನಿಂತಿಲ್ಲ, ನನ್ನ ಎಲಿದೂ ಅಂವಗ ಗೊತ್ತಿತ್ತು ಅಂತ. ಕೇಳಬೇಕಂತ ಎಷ್ಟು ಸಲ ಬಾಯಿತನಕ ಬಂತು. ಕೇಳಿದ್ರ ಪಾಪ, ಇನ್ನೊಂದು ಸುಳ್ಳು ಹುಡುಕಬೇಕಾಗ್ತಿತ್ತು ಅಂವ. ಸಾಕಾಗಿತ್ತು ಅಂವಗ." ಇನ್ನೊಂದು ಸೀಸೆ ಒಳಗಿಟ್ಟಳು. "ಬಂದವರ ಮುಂದ ವಾಸಿ ಆಗಿತ್ತು ಅಂದೆ. ಅಂವ ಅಷ್ಟು ಕಷ್ಟಪಟ್ಟು ಹೇಳಿದ್ದು, ನಾ ಯಾಕ ಸುಳ್ಳು ಮಾಡ್ಲಿ?"

ಎಲೆಯ ಕಾರಣದಿಂದಲೇ ಅಲ್ಲ ಎಂದು ಡಾಕ್ಟರು ಹೇಳಿದ್ದನ್ನು ನಾನು ತೊದಲುತ್ತ ಹೇಳಿದೆ. ದೇಹವೇ ಹಾಗೆ ಮಾಡುತ್ತದೆ, ಎಲೆ ಇಲ್ಲದಿದ್ದರೂ ಆಗಬಹುದಿತ್ತು ಎಂದೆ. ಒಂದು ಸೀಸೆಯನ್ನು ಹೊರಗೇ ಉಳಿಸಿಕೊಂಡು, ಐಸ್ ತುಂಡನ್ನು ಬಟ್ಟೆಯಲ್ಲಿ ಸುತ್ತಿದಳು. ಅವತ್ತು ನಾನು ಚುಚ್ಚಿಕೊಳ್ಳಬೇಕಾದ ದಿನ, ಅದೂ ಅವಳಿಗೆ ನೆನಪಿತ್ತು.

ಹಿತ್ತಲ ಬಾಗಿಲಲ್ಲಿ, ಮಾವನ ಗಡ್ಡ ಕತ್ತರಿಸುತ್ತಿದ್ದ ಜಾಗದಲ್ಲೇ ನನ್ನನ್ನು ಕೂರಿಸಿದಳು. ನಾನು ಮಣಿಕಟ್ಟಿನ ಗುಂಡಿ ಬಿಚ್ಚಿ ತುಂಬು ತೋಳು ಮಡಚುವಾಗ ನನ್ನ ಅಂಗಿಯನ್ನೇ ನೋಡುತ್ತಿದ್ದಳು.

"ನೀನಾರ ಅರ್ಧ ತೋಳಿಂದು ಹಾಕ್ಕೊಳಪ್ಪ" ಎಂದಳು.